ಕಟ್ ಆದ ವೆಬ್‌ಸಾಕೆಟ್‌ನ ತಾನಾಗೇ ಮತ್ತೆ ಜೋಡಿಸೋ ಪುಟ್ಟ ಲೈಬ್ರರಿ: ಪದೇ ಪದೇ ಕೇಳುವ ಪ್ರಶ್ನೆಗಳು

ಇಲ್ಲಿ ಹೇಳ್ತಿರೋದು ರೀಕನೆಕ್ಟಿಂಗ್-ವೆಬ್‌ಸಾಕೆಟ್ ಅನ್ನೋ ಜಾವಾಸ್ಕ್ರಿಪ್ಟ್ ಲೈಬ್ರರಿ ಬಗ್ಗೆ. ವೆಬ್‌ಸಾಕೆಟ್ ಅಂದ್ರೆ ಬ್ರೌಸರ್ ಮತ್ತೆ ಸರ್ವರ್ ಮಧ್ಯೆ ತೆರೆದೇ ಇರೋ, ಎರಡೂ ಕಡೆಯಿಂದ ಮೆಸೇಜ್ ಕಳಿಸ್ಬಹುದಾದ ಕನೆಕ್ಷನ್. ಇದನ್ನ ಹೊಸದಾಗಿ ಹಾಕ್ಕೊಂಡವರು ಎಡವೋ ಜಾಗಗಳು ಹೆಚ್ಚುಕಮ್ಮಿ ಒಂದೇ, ಅದಕ್ಕೆ ಎಲ್ಲಾ ಒಂದ್ಕಡೆ ಬರೆದಿಟ್ಟಿದೀನಿ. ಆತುರದಲ್ಲಿದ್ರೆ ಬೇರೇನೂ ಓದದೇ ಇದ್ರೂ "ಕಟ್ ಆಗಿದ್ದ ಹೊತ್ತಲ್ಲಿ ಬಂದ ಮೆಸೇಜ್ ಎಲ್ಲಿ ಹೋದ್ವು" ಅನ್ನೋ ಪ್ರಶ್ನೆ ಒಂದು ದಯವಿಟ್ಟು ಓದಿ.

ಬ್ರೌಸರ್‌ನಲ್ಲೇ ವೆಬ್‌ಸಾಕೆಟ್ ಇದ್ಯಲ್ಲ, ಇನ್ನೊಂದು ಲೈಬ್ರರಿ ಯಾಕೆ?

ಬ್ರೌಸರ್ ಕೊಡೋ ವೆಬ್‌ಸಾಕೆಟ್ ಒಂದ್ಸಲ ಮುಚ್ಚಿದ್ರೆ ಮುಗೀತು, ಅದೇ ಆಬ್ಜೆಕ್ಟ್‌ನ ಮತ್ತೆ ತೆರೆಯೋಕೆ ಆಗಲ್ಲ. ಅದರ ಸ್ಥಿತಿ ಹೇಳೋ ರೆಡಿಸ್ಟೇಟ್ ಅನ್ನೋ ನಂಬರ್ 0 ಅಂದ್ರೆ ಕನೆಕ್ಟ್ ಆಗ್ತಿದೆ, 1 ಅಂದ್ರೆ ತೆರೆದಿದೆ, 2 ಅಂದ್ರೆ ಮುಚ್ತಾ ಇದೆ, 3 ಅಂದ್ರೆ ಮುಚ್ಚಿದೆ, 3ಕ್ಕೆ ಹೋದ್ಮೇಲೆ ವಾಪಸ್ 0ಕ್ಕೆ ಬರೋ ದಾರಿನೇ ಇಲ್ಲ. ಹಾಗಾಗಿ ಪ್ರತಿ ಸಲ ಹೊಸ ಆಬ್ಜೆಕ್ಟ್ ಮಾಡ್ಬೇಕು, ಆನ್‌ಓಪನ್ ಆನ್‌ಮೆಸೇಜ್ ಆನ್‌ಕ್ಲೋಸ್ ಎಲ್ಲಾ ಮತ್ತೆ ಕಟ್ಟಬೇಕು, ಆಪ್‌ನಲ್ಲಿ ಎಲ್ಲೆಲ್ಲಿ ಹಳೇ ಆಬ್ಜೆಕ್ಟ್ ಹಿಡ್ಕೊಂಡು ಕೂತಿದಾರೋ ಅವರಿಗೆಲ್ಲಾ ಹೊಸದನ್ನ ತಲುಪಿಸ್ಬೇಕು. ಲೈಬ್ರರಿ ಮಾಡೋದು ಇಷ್ಟೇ: ಹೊರಗಡೆ ನಿಮಗೆ ಒಂದೇ ಆಬ್ಜೆಕ್ಟ್ ತೋರಿಸ್ತಾ, ಒಳಗಡೆ ಸಾಕೆಟ್‌ನ ಬದಲಾಯಿಸ್ತಾ ಇರತ್ತೆ, ನಿಮ್ಮ ಹ್ಯಾಂಡ್ಲರ್‌ಗಳು ಹಾಗೇ ಉಳಿಯತ್ವೆ.

ನೀವೇ ಬರ್ಕೋಬಹುದಾ ಅಂದ್ರೆ ಖಂಡಿತ ಬರ್ಕೋಬಹುದು. ಆನ್‌ಕ್ಲೋಸ್‌ನಲ್ಲಿ ಒಂದು ಸೆಟ್‌ಟೈಮ್‌ಔಟ್ ಹಾಕಿದ್ರೆ ಹತ್ತು ಸಾಲಲ್ಲಿ ಕೆಲಸ ಆದಂಗೇ ಕಾಣತ್ತೆ. ಕೆಳಗಿರೋ ಪ್ರಶ್ನೆಗಳು ಆ ಹತ್ತು ಸಾಲಿಗೆ ಹೊಳೆಯದೇ ಇರೋ ವಿಷಯಗಳು.

ಎನ್‌ಪಿಎಂನಲ್ಲಿ (ಜಾವಾಸ್ಕ್ರಿಪ್ಟ್ ಪ್ಯಾಕೇಜ್‌ಗಳು ಸಿಗೋ ಜಾಗ) ಒಂದೇ ಹೆಸರಲ್ಲಿ ಎರಡು ಕಾಣ್ತಿವೆ, ಯಾವುದು ಹಾಕ್ಲಿ?

ಒಂದರ ಹೆಸರಲ್ಲಿ ಎರಡು ಪದದ ಮಧ್ಯೆ ಅಡ್ಡಗೆರೆ ಇದೆ, ಇನ್ನೊಂದರಲ್ಲಿ ಎರಡೂ ಪದ ಅಂಟ್ಕೊಂಡಿವೆ. ಇವೆರಡೂ ಬೇರೆ ಬೇರೆಯವರು ಬರೆದ ಬೇರೆ ಬೇರೆ ಲೈಬ್ರರಿ. ಅಂಟ್ಕೊಂಡಿರೋದು ಹಳೇದು. ಅದು ಒಳಗಡೆ ಒಂದು ಡಿವ್ ಎಲಿಮೆಂಟ್ ಮಾಡ್ಕೊಂಡು ಅದರ ಮೇಲೆ ಈವೆಂಟ್ ಕಳಿಸತ್ತೆ, ಹಾಗಾಗಿ ಡಾಕ್ಯುಮೆಂಟ್ ಇಲ್ಲದ ಕಡೆ, ಅಂದ್ರೆ ವೆಬ್ ವರ್ಕರ್‌ನಲ್ಲಿ (ಪೇಜ್‌ನಿಂದ ಬೇರೆಯಾಗಿ ಹಿನ್ನೆಲೆಯಲ್ಲಿ ಓಡೋ ಸ್ಕ್ರಿಪ್ಟ್), ನೋಡ್‌ನಲ್ಲಿ (ಬ್ರೌಸರ್ ಹೊರಗೆ ಜಾವಾಸ್ಕ್ರಿಪ್ಟ್ ಓಡಿಸೋದು) ಓಡೋದೇ ಇಲ್ಲ. ಕಟ್ ಆಗಿ ಕಾಯ್ತಾ ಇರುವಾಗ ಸೆಂಡ್ ಕರೆದ್ರೆ ಎರರ್ ಎಸೆಯತ್ತೆ. ಅಡ್ಡಗೆರೆ ಇರೋದು ಮೆಸೇಜ್‌ನ ಸಾಲಲ್ಲಿ ನಿಲ್ಲಿಸ್ಕೊಂಡು ಕನೆಕ್ಟ್ ಆದ್ಮೇಲೆ ಕಳಿಸತ್ತೆ, ವರ್ಕರ್‌ನಲ್ಲೂ ನೋಡ್‌ನಲ್ಲೂ ಓಡತ್ತೆ. ಹೊಸ ಪ್ರಾಜೆಕ್ಟ್‌ಗೆ ಅಡ್ಡಗೆರೆ ಇರೋದೇ ಹಾಕಿ ಅಂತೀನಿ.

ಇಲ್ಲಿ ತುಂಬಾ ಜನ ಮೋಸ ಹೋಗೋ ಜಾಗ ಅಂದ್ರೆ ಆಪ್ಷನ್ ಹೆಸರುಗಳು. ಹಳೇದ್ರಲ್ಲಿ ರೀಕನೆಕ್ಟ್‌ಇಂಟರ್ವಲ್, ಅಡ್ಡಗೆರೆ ಇರೋದ್ರಲ್ಲಿ ಮಿನ್‌ರೀಕನೆಕ್ಷನ್‌ಡಿಲೇ. ಒಂದರ ಡಾಕ್ಯುಮೆಂಟ್ ನೋಡ್ಕೊಂಡು ಇನ್ನೊಂದಕ್ಕೆ ಆಪ್ಷನ್ ಕೊಟ್ರೆ ಎರರ್ ಬರಲ್ಲ, ವಾರ್ನಿಂಗ್ ಬರಲ್ಲ, ಸುಮ್ನೆ ಕಡೆಗಣಿಸಿ ಡೀಫಾಲ್ಟ್‌ನಲ್ಲೇ ಓಡತ್ತೆ. ನೀವು "30 ಸೆಕೆಂಡ್ ಹಾಕಿದೀನಲ್ಲ, ಯಾಕೆ 10 ಸೆಕೆಂಡ್‌ಗೇ ಟ್ರೈ ಮಾಡ್ತಿದೆ" ಅಂತ ತಲೆ ಕೆರ್ಕೊಳ್ತಿದ್ರೆ ಮೊದ್ಲು ಪ್ಯಾಕೇಜ್ ಹೆಸರು ನೋಡಿ.

ಹಳೇ ಕೋಡ್ ಎಷ್ಟು ಬದಲಾಯಿಸ್ಬೇಕು?

ನ್ಯೂ ವೆಬ್‌ಸಾಕೆಟ್ ಅಂತಿರೋ ಕಡೆ ನ್ಯೂ ರೀಕನೆಕ್ಟಿಂಗ್‌ವೆಬ್‌ಸಾಕೆಟ್ ಅಂತ ಹಾಕಿ. ಮೊದಲ್ನೇದು ಯುಆರ್‌ಎಲ್, ಎರಡನೇದು ಪ್ರೋಟೋಕಾಲ್, ಮೂರನೇದು ಆಪ್ಷನ್‌ಗಳು, ಪ್ರೋಟೋಕಾಲ್ ಬೇಡ ಅಂದ್ರೆ ಆ ಜಾಗದಲ್ಲಿ ಖಾಲಿ ಅರೇ ಕೊಡಿ. ಉಳಿದಿದ್ದೆಲ್ಲಾ ಮೊದಲಿನ ಹಾಗೇ.

ಕಟ್ ಆದ್ಮೇಲೆ ಎಷ್ಟು ಹೊತ್ತಿಗೆ ಮತ್ತೆ ಟ್ರೈ ಮಾಡತ್ತೆ?

ಮೊದಲ ಸಲ ಕನೆಕ್ಟ್ ಆಗುವಾಗ ಕಾಯೋದೇ ಇಲ್ಲ. ಕಟ್ ಆದ್ಮೇಲೆ ಮೊದಲ ಟ್ರೈಗೆ 1ರಿಂದ 5 ಸೆಕೆಂಡ್ ಒಳಗೆ ಯಾವುದೋ ಒಂದು ರ್‍ಯಾಂಡಮ್ ಹೊತ್ತು, ಆಮೇಲೆ ಪ್ರತಿ ಸಲ ಅದನ್ನ 1.3ರಿಂದ ಗುಣಿಸ್ತಾ ಹೋಗತ್ತೆ, 10 ಸೆಕೆಂಡ್ ಮುಟ್ಟಿದ್ಮೇಲೆ ಅಲ್ಲೇ ನಿಲ್ಲತ್ತೆ. ಉದಾಹರಣೆಗೆ ನಿಮಗೆ ಸಿಕ್ಕಿದ್ದು 2 ಸೆಕೆಂಡ್ ಅನ್ಕೊಳ್ಳಿ, ಆಗ 2, 2.6, 3.4, 4.4, 5.7, 7.4, 9.7, ಆಮೇಲೆ 10, 10, 10. ಎಷ್ಟು ಸಲ ಅಂತ ಮಿತಿ ಇಲ್ಲ, ನೀವು ಮ್ಯಾಕ್ಸ್‌ರಿಟ್ರೈಸ್ ಕೊಡದೇ ಇದ್ರೆ ಟ್ರೈ ಮಾಡ್ತಾನೇ ಇರತ್ತೆ.

ಆ ರ್‍ಯಾಂಡಮ್ ಭಾಗ ಯಾಕೆ ಅಂತ ಒಂದ್ನಿಮಿಷ ಯೋಚನೆ ಮಾಡಿ. ನಿಮ್ಮ ಸರ್ವರ್‌ಗೆ 10,000 ಟ್ಯಾಬ್ ಕನೆಕ್ಟ್ ಆಗಿವೆ, ನೀವು ಹೊಸ ಕೋಡ್ ಹಾಕಿ ಸರ್ವರ್ ರೀಸ್ಟಾರ್ಟ್ ಮಾಡ್ತೀರಿ. 10,000 ಟ್ಯಾಬ್‌ಗೂ ಅದೇ ಕ್ಷಣದಲ್ಲಿ ಕಟ್ ಆಗತ್ತೆ. ಎಲ್ಲರೂ ಸರಿಯಾಗಿ 1 ಸೆಕೆಂಡ್ ಕಾದು ಬಂದ್ರೆ ಆಗಷ್ಟೇ ಎದ್ದ ಸರ್ವರ್ ಮೇಲೆ 10,000 ಹ್ಯಾಂಡ್‌ಶೇಕ್ (ಕನೆಕ್ಷನ್ ಶುರುವಾಗೋ ಮುಂಚಿನ ಮಾತುಕತೆ) ಒಟ್ಟಿಗೆ ಮುಗಿಬೀಳತ್ತೆ, ಅದು ಮತ್ತೆ ಬೀಳತ್ತೆ, ಮತ್ತೆ ಎಲ್ಲರೂ ಒಟ್ಟಿಗೆ ಕಾಯ್ತಾರೆ, ಮತ್ತೆ ಒಟ್ಟಿಗೆ ಬರ್ತಾರೆ. 2011ರ ಡಿಸೆಂಬರ್‌ನಲ್ಲಿ ಬಂದ ವೆಬ್‌ಸಾಕೆಟ್ ಸ್ಟ್ಯಾಂಡರ್ಡ್‌, ಆರ್‌ಎಫ್‌ಸಿ 6455, ಇದನ್ನ ಆಗಲೇ ಹೇಳಿದೆ: ಮೊದಲ ಸಲ 0ರಿಂದ 5 ಸೆಕೆಂಡ್ ಒಳಗೆ ರ್‍ಯಾಂಡಮ್ ಆಗಿ ಕಾಯಿರಿ, ಆಮೇಲೂ ಆಗದಿದ್ರೆ ಅಂತರ ಹೆಚ್ಚಿಸ್ತಾ ಹೋಗಿ ಅಂತ.

ಈಗ ಮುಖ್ಯ ವಿಷಯ. ಆ 1ರಿಂದ 5 ಅನ್ನೋದು ಮಿನ್‌ರೀಕನೆಕ್ಷನ್‌ಡಿಲೇ ಅನ್ನೋ ಆಪ್ಷನ್‌ನ ಡೀಫಾಲ್ಟ್ ಬೆಲೆಯಲ್ಲೇ ಕೂತಿದೆ, ಬೇರೆ ಎಲ್ಲೂ ರ್‍ಯಾಂಡಮ್ ಇಲ್ಲ. ನೀವು "ಬೇಗ ಆಗ್ಲಿ" ಅಂತ ಅದಕ್ಕೆ 1000 ಅಂತ ಕೊಟ್ಟ ತಕ್ಷಣ ರ್‍ಯಾಂಡಮ್ ಪೂರ್ತಿ ಹೋಯ್ತು, ಎಲ್ಲಾ ಟ್ಯಾಬ್‌ಗಳೂ ಹೆಜ್ಜೆಗೆ ಹೆಜ್ಜೆ ಹಾಕ್ಕೊಂಡು ಬರ್ತವೆ. ಬದಲಾಯಿಸೋದಾದ್ರೆ ನೀವೇ ಮ್ಯಾಥ್ ರ್‍ಯಾಂಡಮ್ ಸೇರಿಸಿ ಕೊಡಿ.

ಸರ್ವರ್ ಕನೆಕ್ಷನ್ ತಗೊಳತ್ತೆ, ತಕ್ಷಣ ಬಿಟ್ಬಿಡತ್ತೆ, ಮತ್ತೆ ತಗೊಳತ್ತೆ. ಇದು ಲೂಪ್ ಆಗಿ ಸರ್ವರ್ ಸಾಯಲ್ವಾ?

ಅದಕ್ಕೇ ಮಿನ್‌ಅಪ್‌ಟೈಮ್ ಅಂತ ಒಂದಿದೆ, ಡೀಫಾಲ್ಟ್ 5 ಸೆಕೆಂಡ್. ಕನೆಕ್ಷನ್ 5 ಸೆಕೆಂಡ್ ಉಳ್ಕೊಂಡ್ರೆ ಮಾತ್ರ ಟ್ರೈ ಎಣಿಕೆ ಮತ್ತೆ ಸೊನ್ನೆಗೆ ಬರತ್ತೆ, ಅದಕ್ಕಿಂತ ಮುಂಚೆ ಬಿದ್ರೆ ಕಾಯೋ ಹೊತ್ತು ಏರ್ತಾನೇ ಹೋಗತ್ತೆ. ಹಳೇ ಲೈಬ್ರರಿಯಲ್ಲಿ ತೆರೆದ ಕೂಡ್ಲೇ ಎಣಿಕೆ ಸೊನ್ನೆ ಆಗ್ತಿತ್ತು, ಹಾಗಾಗಿ ನೀವು ಹೇಳಿದ ಪರಿಸ್ಥಿತಿ ಅಲ್ಲಿ ನಿಜವಾಗ್ಲೂ ಕಾಡತ್ತೆ.

ಆಫೀಸ್‌ನಲ್ಲಿ ಚೆನ್ನಾಗಿ ಓಡತ್ತೆ, ನೆಟ್ ಸ್ಲೋ ಇರೋ ಕಡೆ ಯಾವತ್ತೂ ಕನೆಕ್ಟ್ ಆಗೋದೇ ಇಲ್ಲ. ಯಾಕೆ?

ಕನೆಕ್ಷನ್ ಟೈಮ್‌ಔಟ್ ನೋಡಿ. ನಾನು ಹಿಂದೆ ಕೆಲಸ ಮಾಡ್ತಿದ್ದ ಒಂದು ಪ್ರಾಜೆಕ್ಟ್‌ನಲ್ಲಿ ಹಳೇ ಲೈಬ್ರರಿ ಇತ್ತು, ಅದರಲ್ಲಿ ಟೈಮ್‌ಔಟ್ ಡೀಫಾಲ್ಟ್ 2 ಸೆಕೆಂಡ್. ಕೆಲವು ಬಳಕೆದಾರರು "ಆಪ್ ಯಾವಾಗ್ಲೂ ಕನೆಕ್ಟಿಂಗ್ ಅಂತಾನೇ ತೋರಿಸ್ತಿದೆ" ಅಂತ ಬರೀತಿದ್ರು. ನಮ್ಮ ಯಾರ ಮಷೀನ್‌ನಲ್ಲೂ ಅದು ಬರ್ತಿರ್ಲಿಲ್ಲ. ಕೊನೆಗೆ ಅವರಲ್ಲಿ ಒಬ್ಬರ ಸ್ಕ್ರೀನ್ ರೆಕಾರ್ಡಿಂಗ್ ಸಿಕ್ತು, ನೆಟ್‌ವರ್ಕ್ ಟ್ಯಾಬ್ ತೆರೆದಿದ್ರು, ಅದರಲ್ಲಿ ಸಾಲಾಗಿ ಕೆಂಪು ಸಾಲುಗಳು, ಪ್ರತಿಯೊಂದರ ಮುಂದೆಯೂ 2 ಸೆಕೆಂಡ್ ಚಿಲ್ಲರೆ. ಅಷ್ಟೇ ನೋಡಿದ್ದು, ಅರ್ಥ ಆಯ್ತು. ಕನೆಕ್ಟ್ ಆಗೋಕೆ ಬೇಕಾದ ಹೆಜ್ಜೆಗಳು, ಅಂದ್ರೆ ಡಿಎನ್‌ಎಸ್, ಟಿಸಿಪಿ, ಟಿಎಲ್‌ಎಸ್, ಆಮೇಲೆ ಅಪ್‌ಗ್ರೇಡ್, ಇಷ್ಟೂ ಸೇರಿ ಅವರ ನೆಟ್‌ನಲ್ಲಿ 3 ಸೆಕೆಂಡ್ ಬೇಕಿತ್ತು. ಲೈಬ್ರರಿ ಪ್ರತಿ ಸಲ 2 ಸೆಕೆಂಡ್‌ಗೆ ಕತ್ತರಿಸಿ ಮೊದಲಿಂದ ಶುರು ಮಾಡ್ತಿತ್ತು. ಹಾಡಿದ್ದೇ ಹಾಡು. ಸುಮ್ನೆ ಬಿಟ್ಟಿದ್ರೆ ಇನ್ನೊಂದು ಸೆಕೆಂಡ್‌ನಲ್ಲಿ ಕನೆಕ್ಟ್ ಆಗ್ತಿತ್ತು. ಆ ಬಳಕೆದಾರರು ಎಷ್ಟು ದಿನದಿಂದ ಹಾಗೆ ನೋಡ್ತಾ ಕೂತಿದ್ರೋ ಅಂತ ನೆನೆಸ್ಕೊಂಡ್ರೆ ಈಗ್ಲೂ ಬೇಜಾರಾಗತ್ತೆ.

ಅಡ್ಡಗೆರೆ ಇರೋ ಲೈಬ್ರರಿಯಲ್ಲಿ ಇದು 4 ಸೆಕೆಂಡ್. ನಾನು ಅದನ್ನೂ 10 ಸೆಕೆಂಡ್‌ಗೆ ಏರಿಸ್ತೀನಿ. ಜಾಸ್ತಿ ಇಟ್ರೆ ನಷ್ಟ ಏನಿಲ್ಲ, ಸತ್ತ ಸರ್ವರ್ ಬಗ್ಗೆ ಸ್ವಲ್ಪ ತಡವಾಗಿ ಗೊತ್ತಾಗತ್ತೆ ಅಷ್ಟೇ. ಕಮ್ಮಿ ಇಟ್ರೆ ನಿಧಾನ ನೆಟ್ ಇರೋರಿಗೆ ಬಾಗಿಲೇ ಮುಚ್ಚಿದಂಗೆ.

ಯಾವಾಗ ನೋಡಿದ್ರೂ 1006 ಅಂತ ಬರತ್ತೆ. ಏನದು?

ಕನೆಕ್ಷನ್ ಮುಚ್ಚಿದಾಗ ಯಾಕೆ ಅಂತ ಹೇಳೋ ಒಂದು ನಂಬರ್ ಬರತ್ತೆ, ಅದರಲ್ಲಿ 1006 ಅಂದ್ರೆ ಸರಿಯಾಗಿ ವಿದಾಯ ಹೇಳದೇ ಕನೆಕ್ಷನ್ ಹೋಯ್ತು ಅಂತ. ಇದನ್ನ ಸರ್ವರ್ ಕಳಿಸಿದ್ದಲ್ಲ, ಯಾರೂ ಕಳಿಸೋ ಹಾಗೂ ಇಲ್ಲ, ಬ್ರೌಸರ್ ತಾನೇ ಹಾಕ್ಕೊಳ್ಳೋ ನಂಬರು. ವೈಫೈ ಹೋದ್ರೂ 1006, ಸರ್ವರ್ ಕ್ರ್ಯಾಶ್ ಆದ್ರೂ 1006, ಹ್ಯಾಂಡ್‌ಶೇಕ್‌ನಲ್ಲಿ ಸರ್ವರ್ 401 (ಲಾಗಿನ್ ಆಗಿಲ್ಲ) ಅಥವಾ 503 (ಸರ್ವರ್ ಸದ್ಯಕ್ಕೆ ಸಿಗಲ್ಲ) ಅಂದ್ರೂ ನಿಮ್ಮ ಜಾವಾಸ್ಕ್ರಿಪ್ಟ್‌ಗೆ ಕಾಣೋದು ಅದೇ 1006. ಬೇರೆ ಸೈಟ್‌ಗಳು ನಿಮ್ಮ ಒಳಗಿನ ನೆಟ್‌ವರ್ಕ್‌ನ ತಡಕಾಡಬಾರ್ದು ಅಂತ ಬ್ರೌಸರ್ ಬೇಕಂತಲೇ ಕಾರಣ ಮುಚ್ಚಿಡತ್ತೆ. ಡೆವ್‌ಟೂಲ್ಸ್‌ನ ಕನ್ಸೋಲ್‌ನಲ್ಲಿ ನಿಮ್ಮ ಕಣ್ಣಿಗೆ ಕಾರಣ ಕಾಣಬಹುದು, ಕೋಡ್‌ಗೆ ಸಿಗಲ್ಲ.

ಉಳಿದ ನಂಬರ್‌ಗಳಲ್ಲಿ ಪದೇ ಪದೇ ಎದುರಾಗೋದು 1000 ಮಾಮೂಲಿ ಮುಕ್ತಾಯ, 1001 ಪೇಜ್ ಬಿಟ್ಟು ಹೋದ್ರು ಇಲ್ಲಾ ಸರ್ವರ್ ಇಳೀತು, 1009 ಮೆಸೇಜ್ ದೊಡ್ಡದಾಯ್ತು, 1011 ಸರ್ವರ್ ಒಳಗೆ ಎಡವಟ್ಟು, 1012 ಸರ್ವರ್ ರೀಸ್ಟಾರ್ಟ್. 4000ದಿಂದ 4999 ನಿಮ್ಮ ಸ್ವಂತಕ್ಕೆ, ಆ ಜಾಗ ಚೆನ್ನಾಗಿ ಬಳಸ್ಕೊಳ್ಳಿ, ಮುಂದಿನ ಪ್ರಶ್ನೆಯಲ್ಲೇ ಬೇಕಾಗತ್ತೆ.

ಟೋಕನ್ (ಲಾಗಿನ್ ಆಗಿರೋದಕ್ಕೆ ಗುರುತು) ಎಕ್ಸ್‌ಪೈರ್ ಆದ್ಮೇಲೆ ಸುಮ್ನೆ ಟ್ರೈ ಮಾಡ್ತಾನೇ ಇರತ್ತೆ, ಒಳಗೆ ಬಿಡಲ್ಲ. ಏನ್ ಮಾಡ್ಲಿ?

ಯುಆರ್‌ಎಲ್‌ನ ಸ್ಟ್ರಿಂಗ್ ಆಗಿ ಕೊಟ್ಟಿದ್ದೀರಿ, ಅದರೊಳಗೆ ಬೆಳಗ್ಗೆ ತಗೊಂಡ ಟೋಕನ್ ಇದೆ, ಸಂಜೆ ರೀಕನೆಕ್ಟ್ ಆಗುವಾಗಲೂ ಲೈಬ್ರರಿ ಅದೇ ಬೆಳಗಿನ ಟೋಕನ್ ಹಿಡ್ಕೊಂಡು ಹೋಗತ್ತೆ. ಸ್ಟ್ರಿಂಗ್ ಬದಲು ಫಂಕ್ಷನ್ ಕೊಡಿ. ಪ್ರತಿ ಟ್ರೈಗೂ ಲೈಬ್ರರಿ ಆ ಫಂಕ್ಷನ್ ಕರೆದು ಯುಆರ್‌ಎಲ್ ಕೇಳತ್ತೆ, ಅದು ಅಸಿಂಕ್ ಆಗಿದ್ರೂ ನಡೆಯತ್ತೆ, ಒಳಗಡೆ ಹೊಸ ಟೋಕನ್ ತರಿಸ್ಕೊಂಡು ಸೇರಿಸಿ ವಾಪಸ್ ಕೊಡಬಹುದು.

ಸರ್ವರ್ ಕಡೆನೂ ಒಂದು ಬದಲಾವಣೆ ಬೇಕು. ಟೋಕನ್ ಸರಿ ಇಲ್ಲ ಅಂತ ಹ್ಯಾಂಡ್‌ಶೇಕ್‌ನಲ್ಲೇ 401 ಕೊಟ್ರೆ ಬರೋದು ಅದೇ ಹಾಳು 1006, ನೆಟ್ ಹೋಯ್ತೋ ಲಾಗಿನ್ ಹೋಯ್ತೋ ಗೊತ್ತಾಗಲ್ಲ. ಅದರ ಬದಲು ಕನೆಕ್ಷನ್ ತಗೊಂಡು, ತಕ್ಷಣ 4001 ಅಂತ ನಿಮ್ಮದೇ ನಂಬರ್ ಕೊಟ್ಟು ಮುಚ್ಚಿ. ಆಗ ಕ್ಲೈಂಟ್ ನೋಡಿ "ಇದು ಲಾಗಿನ್ ಸಮಸ್ಯೆ" ಅಂತ ತಿಳ್ಕೊಂಡು ಟ್ರೈ ನಿಲ್ಲಿಸಿ ಲಾಗಿನ್ ಪೇಜ್‌ಗೆ ಕಳಿಸ್ಬಹುದು.

ಇನ್ನೊಂದು ಮಾತು, ಯುಆರ್‌ಎಲ್‌ನಲ್ಲಿ ಇಟ್ಟ ಟೋಕನ್ ಸರ್ವರ್ ಲಾಗ್‌ಗಳಲ್ಲಿ ಉಳಿಯತ್ತೆ. ಬ್ರೌಸರ್‌ನ ವೆಬ್‌ಸಾಕೆಟ್‌ನಲ್ಲಿ ನಿಮ್ಮದೇ ಹೆಡರ್ ಸೇರಿಸೋಕೆ ಆಗಲ್ಲ, ಹಾಗಾಗಿ ಒಂದೇ ಒಂದು ಸಲ ಕೆಲಸಕ್ಕೆ ಬರೋ, ಅರ್ಧ ನಿಮಿಷದಲ್ಲಿ ಸಾಯೋ ಚಿಕ್ಕ ಟೋಕನ್ ಮಾಡಿ ಅದನ್ನ ಯುಆರ್‌ಎಲ್‌ನಲ್ಲಿ ಕಳಿಸಿ. ಅಥವಾ ಕುಕಿ ಸಾಕು ಅಂದ್ರೆ ಕುಕಿ, ಅದು ಹ್ಯಾಂಡ್‌ಶೇಕ್ ಜೊತೆ ತಾನಾಗೇ ಹೋಗತ್ತೆ, ಆದ್ರೆ ಆಗ ಸರ್ವರ್‌ನಲ್ಲಿ ಒರಿಜಿನ್ ಹೆಡರ್ (ಯಾವ ಸೈಟ್‌ನಿಂದ ಬಂತು ಅನ್ನೋದು) ಚೆಕ್ ಮಾಡೋದು ಮರೀಬೇಡಿ, ಯಾಕಂದ್ರೆ ವೆಬ್‌ಸಾಕೆಟ್‌ಗೆ ಕಾರ್ಸ್, ಅಂದ್ರೆ ಬೇರೆ ಸೈಟ್‌ಗಳನ್ನ ತಡೆಯೋ ಬ್ರೌಸರ್ ನಿಯಮದ, ಕಾವಲು ಇಲ್ಲ.

ಮೊದಲ ಮೆಸೇಜ್‌ನಲ್ಲಿ ಟೋಕನ್ ಕಳಿಸ್ತೀನಿ, ಆದ್ರೂ ಕೆಲವೊಮ್ಮೆ ಸರ್ವರ್ "ಲಾಗಿನ್ ಆಗಿಲ್ಲ" ಅಂತ ಹೊರಗೆ ಹಾಕತ್ತೆ.

ಇದು ಲೈಬ್ರರಿಯ ಕೋಡ್ ತೆರೆದು ಓದಿದ್ರೆ ಮಾತ್ರ ಗೊತ್ತಾಗೋ ವಿಷಯ. ಕನೆಕ್ಷನ್ ತೆರೆದಾಗ ಲೈಬ್ರರಿ ಮೊದಲು ಸಾಲಲ್ಲಿ ನಿಂತಿರೋ ಹಳೇ ಮೆಸೇಜ್‌ಗಳನ್ನ ಕಳಿಸತ್ತೆ, ಅದಾದ್ಮೇಲೆ ನಿಮ್ಮ ಆನ್‌ಓಪನ್ ಕರೆಯತ್ತೆ. ನೀವು ಟೋಕನ್ ಕಳಿಸ್ತಿರೋದು ಆನ್‌ಓಪನ್‌ನಲ್ಲಿ. ಅಂದ್ರೆ ಕಟ್ ಆಗಿದ್ದಾಗ ಬಳಕೆದಾರರು ಏನಾದ್ರೂ ಕ್ಲಿಕ್ ಮಾಡಿದ್ರೆ ಆ ಮೆಸೇಜ್ ಟೋಕನ್‌ಗಿಂತ ಮುಂದೆ ಹೋಗತ್ತೆ, ಸರ್ವರ್ ಹೊರಗೆ ಹಾಕತ್ತೆ. ಏನೂ ಕ್ಲಿಕ್ ಮಾಡದಿದ್ರೆ ಸರಿಯಾಗೇ ಇರತ್ತೆ, ಅದಕ್ಕೇ "ಕೆಲವೊಮ್ಮೆ". ಮ್ಯಾಕ್ಸ್‌ಎನ್‌ಕ್ಯೂಡ್‌ಮೆಸೇಜಸ್ ಅನ್ನೋದನ್ನ 0 ಮಾಡಿ ಲೈಬ್ರರಿಯ ಸಾಲನ್ನೇ ಬಂದ್ ಮಾಡಿ, ನಿಮ್ಮದೇ ಒಂದು ಅರೇ ಇಟ್ಕೊಳ್ಳಿ, ಸರ್ವರ್ "ಸರಿ, ಒಳಗೆ ಬಾ" ಅಂದ್ಮೇಲೆ ಅದರಿಂದ ಕಳಿಸಿ.

ಕಟ್ ಆಗಿದ್ದ ಹೊತ್ತಲ್ಲಿ ಬಂದ ಮೆಸೇಜ್ ಎಲ್ಲಿ ಹೋದ್ವು?

ಹೋದ್ವು. ಲೈಬ್ರರಿ ಕನೆಕ್ಷನ್‌ನ ವಾಪಸ್ ತರತ್ತೆ, ಮಧ್ಯೆ ನಡೆದಿದ್ದನ್ನ ವಾಪಸ್ ತರಲ್ಲ, ತರೋಕೂ ಆಗಲ್ಲ, ಯಾಕಂದ್ರೆ ಸರ್ವರ್ ಪಾಲಿಗೆ ನೀವು ಈಗಷ್ಟೇ ಬಂದ ಹೊಸ ಅತಿಥಿ. ಸ್ಕ್ರೀನ್ ಮೇಲೆ ಹಸಿರು ಚುಕ್ಕೆ ಬಂತು, "ಕನೆಕ್ಟೆಡ್" ಅಂತ ತೋರಿಸ್ತು, ಆದ್ರೆ ಪಟ್ಟಿಯಲ್ಲಿ ಮೂರು ಮೆಸೇಜ್ ಇಲ್ಲ, ಇಲ್ಲ ಅನ್ನೋದು ಬಳಕೆದಾರರಿಗೂ ಗೊತ್ತಿಲ್ಲ ನಿಮಗೂ ಗೊತ್ತಿಲ್ಲ. ಕೆಂಪು ಚುಕ್ಕೆ ಇದ್ದಾಗಲಾದ್ರೂ ಪೇಜ್ ರಿಫ್ರೆಶ್ ಮಾಡ್ತಿದ್ರು. ನಾನು ನೋಡಿದ ರಿಯಲ್‌ಟೈಮ್ ಆಪ್‌ಗಳಲ್ಲಿ ಅತಿ ಹೆಚ್ಚು ನಂಬಿಕೆ ಕೆಡಿಸೋ ಬಗ್ ಇದೇ, ಮತ್ತೆ ರೀಕನೆಕ್ಟ್ ಚೆನ್ನಾಗಿ ಕೆಲಸ ಮಾಡ್ದಷ್ಟೂ ಇದು ಇನ್ನೂ ಚೆನ್ನಾಗಿ ಬಚ್ಚಿಟ್ಕೊಳತ್ತೆ.

ದಾರಿ ಕಷ್ಟದ್ದೇನಲ್ಲ. ಸರ್ವರ್ ತಾನು ಕಳಿಸೋ ಪ್ರತಿ ಮೆಸೇಜ್‌ಗೂ ಏರ್ತಾ ಹೋಗೋ ಒಂದು ನಂಬರ್ ಹಾಕ್ಲಿ. ಕ್ಲೈಂಟ್ ಕೊನೇದಾಗಿ ನೋಡಿದ ನಂಬರ್ ಇಟ್ಕೊಳ್ಳಲಿ. 4127ರವರೆಗೆ ಬಂತು, ಕಟ್ ಆಯ್ತು, ಮತ್ತೆ ತೆರೆದಾಗ ಕ್ಲೈಂಟ್ ಮೊದಲು ಹೇಳೋದು "4127 ಆದ್ಮೇಲಿಂದ ಕೊಡು" ಅಂತ. ಸರ್ವರ್ ಹತ್ರ ಕಳೆದ ಕೆಲವು ನಿಮಿಷದ ಮೆಸೇಜ್ ಇರತ್ತೆ, 4128, 4129, 4130 ಕೊಟ್ಟು ಆಮೇಲೆ ಹೊಸದು ಶುರು ಮಾಡತ್ತೆ. ತುಂಬಾ ಹಳೇದಾಗಿದ್ರೆ "ನನ್ನ ಹತ್ರ ಅಷ್ಟು ಹಿಂದಿನದ್ದು ಇಲ್ಲ, ಎಲ್ಲಾ ಮೊದಲಿಂದ ತಗೋ" ಅಂತ ಹೇಳ್ಬೇಕು, ಆಗ ಕ್ಲೈಂಟ್ ಮಾಮೂಲಿ ಎಚ್‌ಟಿಟಿಪಿ ಕರೆಯಲ್ಲಿ ಪೂರ್ತಿ ಡೇಟಾ ತರಿಸ್ಕೊಳತ್ತೆ. ಈ ಕೊನೇ ನಂಬರ್‌ನ ಯುಆರ್‌ಎಲ್ ಫಂಕ್ಷನ್‌ನಲ್ಲೇ ಸೇರಿಸಿ ಕಳಿಸ್ಬಹುದು, ಬೇರೆ ಮೆಸೇಜೇ ಬೇಡ. ಚಿಕ್ಕ ಆಪ್ ಆಗಿದ್ರೆ ನಂಬರ್ ಕೂಡ ಬೇಡ, ಪ್ರತಿ ರೀಕನೆಕ್ಟ್‌ಗೂ ಪೂರ್ತಿ ಡೇಟಾ ಮತ್ತೆ ತರಿಸಿ. ಅಷ್ಟು ಮಾಡಿದ್ರೂ ಸಾಕು, ಏನೂ ಮಾಡದೇ ಇರಬೇಡಿ.

ನಾನು ಕಳಿಸಿದ್ದು? ಲೈಬ್ರರಿ ಸಾಲಲ್ಲಿ ಇಟ್ಕೊಳತ್ತೆ ಅಂದ್ರಲ್ಲ?

ಕಟ್ ಆಗಿದೆ ಅಂತ ಲೈಬ್ರರಿಗೆ ಗೊತ್ತಿದ್ದಾಗ ಕಳಿಸಿದ್ದು ಮಾತ್ರ ಸಾಲಲ್ಲಿ ಇರತ್ತೆ. ವೈಫೈ ಹೋಗಿ 20 ಸೆಕೆಂಡ್ ಆಗಿದೆ ಆದ್ರೆ ಬ್ರೌಸರ್‌ಗೆ ಇನ್ನೂ ಸುಳಿವಿಲ್ಲ ಅನ್ಕೊಳ್ಳಿ, ಆಗ ರೆಡಿಸ್ಟೇಟ್ 1 ಅಂತಾನೇ ಇರತ್ತೆ, ನೀವು ಸೆಂಡ್ ಕರೀತೀರಿ, ಎರರ್ ಬರಲ್ಲ, ಮೆಸೇಜ್ ಬ್ರೌಸರ್‌ನ ಬಫರ್‌ಗೆ ಹೋಗಿ ಕೂರತ್ತೆ, ಸಾಕೆಟ್ ಸತ್ತಾಗ ಅದರ ಜೊತೆಗೇ ಹೋಗತ್ತೆ. ಸೆಂಡ್ ಅಂದ್ರೆ "ಕಳಿಸೋಕೆ ಕೊಟ್ಟೆ" ಅಂತ, "ತಲುಪ್ತು" ಅಂತಲ್ಲ.

ಹಾಗಾಗಿ ಮುಖ್ಯವಾದ ಮೆಸೇಜ್‌ಗೆಲ್ಲಾ ಒಂದು ಐಡಿ ಕೊಡಿ, ಸರ್ವರ್ "ಆ ಐಡಿ ಸಿಕ್ತು" ಅಂತ ಉತ್ತರ ಕೊಡೋವರೆಗೂ ನಿಮ್ಮ ಪಟ್ಟಿಯಿಂದ ತೆಗೀಬೇಡಿ, ರೀಕನೆಕ್ಟ್ ಆದಾಗ ಉಳಿದಿರೋದನ್ನ ಮತ್ತೆ ಕಳಿಸಿ. ಒಂದೇ ಐಡಿ ಎರಡು ಸಲ ಬಂದ್ರೆ ಎರಡನೇದನ್ನ ಸರ್ವರ್ ಬಿಟ್ಬಿಡಬೇಕು, ಇದು ಕಡ್ಡಾಯ, ಯಾಕಂದ್ರೆ ಮೆಸೇಜ್ ತಲುಪಿ ಉತ್ತರ ಮಾತ್ರ ದಾರಿಯಲ್ಲಿ ಕಳೆದಿರ್ಬಹುದು. ದುಡ್ಡು ಕಳಿಸೋ ಬಟನ್ ಇದ್ರೆ ಇದನ್ನ ಮಾಡದೇ ರೀಕನೆಕ್ಟ್ ಹಾಕ್ಲೇಬೇಡಿ. ಮತ್ತೆ ಮೌಸ್ ಎಲ್ಲಿದೆ, ಯಾರು ಟೈಪ್ ಮಾಡ್ತಿದಾರೆ ಅಂತ ಕ್ಷಣಕ್ಷಣಕ್ಕೂ ಹೋಗೋ ಮೆಸೇಜ್‌ಗಳನ್ನ ಸಾಲಲ್ಲಿ ಇಡೋದೇ ತಪ್ಪು, ಹತ್ತು ನಿಮಿಷ ಆದ್ಮೇಲೆ ಕನೆಕ್ಟ್ ಆಗಿ ಹಳಸಿದ ಸಾವಿರ ಮೆಸೇಜ್ ಒಟ್ಟಿಗೆ ಸುರಿಯತ್ತೆ.

ನೆಟ್ ಹೋದ್ರೂ ಕ್ಲೋಸ್ ಈವೆಂಟ್ ಬರ್ತಾನೇ ಇಲ್ಲ, ಹಾಗಾಗಿ ಲೈಬ್ರರಿ ಏನೂ ಮಾಡ್ತಿಲ್ಲ.

ಸರಿಯಾಗೇ ಗಮನಿಸಿದೀರಿ. ಲೈಬ್ರರಿ ಕೆಲಸ ಶುರುವಾಗೋದೇ ಕ್ಲೋಸ್ ಈವೆಂಟ್ ಬಂದ್ಮೇಲೆ. ಟಿಸಿಪಿಯಲ್ಲಿ ಆಚೆ ಕಡೆಯವರು ಮೌನವಾಗಿ ಮಾಯ ಆದ್ರೆ ಈಚೆ ಕಡೆಯವರಿಗೆ ತಾನಾಗೇ ಗೊತ್ತಾಗಲ್ಲ. ಏನಾದ್ರೂ ಕಳಿಸಿ ಉತ್ತರ ಬರದಿದ್ರೆ ಲಿನಕ್ಸ್‌ನಲ್ಲಿ ಡೀಫಾಲ್ಟ್ ಆಗಿ ಸುಮಾರು 15 ನಿಮಿಷ ಮತ್ತೆ ಮತ್ತೆ ಕಳಿಸಿ ನೋಡಿ ಆಮೇಲೆ ಕೈ ಬಿಡತ್ತೆ. ಏನೂ ಕಳಿಸದೇ ಸುಮ್ನೆ ಕೇಳಿಸ್ಕೊಳ್ತಾ ಇದ್ರೆ ಇನ್ನೂ ಕಷ್ಟ, ಟಿಸಿಪಿ ಕೀಪ್‌ಅಲೈವ್ ಆನ್ ಇದ್ರೂ ಅದರ ಡೀಫಾಲ್ಟ್ ಮೊದಲ ತಪಾಸಣೆ 2 ಗಂಟೆ ಆದ್ಮೇಲೆ.

ಪರಿಹಾರ ಹಾರ್ಟ್‌ಬೀಟ್, ಅಂದ್ರೆ "ಇನ್ನೂ ಇದೀನಿ" ಅಂತ ಆಗಾಗ ಕಳಿಸೋ ಚಿಕ್ಕ ಮೆಸೇಜ್. ವೆಬ್‌ಸಾಕೆಟ್‌ನಲ್ಲೇ ಪಿಂಗ್ ಪಾಂಗ್ ಅಂತ ಇದೆ, ಸರ್ವರ್ ಪಿಂಗ್ ಕಳಿಸಿದ್ರೆ ಬ್ರೌಸರ್ ತಾನೇ ಪಾಂಗ್ ಕೊಡತ್ತೆ, ಆದ್ರೆ ಜಾವಾಸ್ಕ್ರಿಪ್ಟ್‌ನಿಂದ ಪಿಂಗ್ ಕಳಿಸೋಕೂ ಆಗಲ್ಲ, ಬಂದಿದ್ದು ನೋಡೋಕೂ ಆಗಲ್ಲ. ಅಂದ್ರೆ ಆ ಪಿಂಗ್‌ನಿಂದ ಸರ್ವರ್‌ಗೆ ಮಾತ್ರ ಉಪಯೋಗ. ಕ್ಲೈಂಟ್‌ಗೂ ಗೊತ್ತಾಗ್ಬೇಕು ಅಂದ್ರೆ ಮಾಮೂಲಿ ಮೆಸೇಜ್ ರೂಪದಲ್ಲೇ ಹಾರ್ಟ್‌ಬೀಟ್ ಬೇಕು. ನಾನು ಮಾಡೋದು ಹೀಗೆ: ಸರ್ವರ್ 25 ಸೆಕೆಂಡ್‌ಗೊಂದ್ಸಲ ಚಿಕ್ಕ ಮೆಸೇಜ್ ಕಳಿಸತ್ತೆ, ಕ್ಲೈಂಟ್‌ನಲ್ಲಿ ಯಾವುದೇ ಮೆಸೇಜ್ ಬಂದ್ರೂ 40 ಸೆಕೆಂಡ್‌ನ ಟೈಮರ್ ಮತ್ತೆ ಶುರುವಾಗತ್ತೆ, ಟೈಮರ್ ಮುಗಿದ್ರೆ ಲೈಬ್ರರಿಯ ರೀಕನೆಕ್ಟ್ ಕರೀತೀನಿ. ಬರೀ ಕ್ಲೋಸ್ ಕರೆದ್ರೆ ಟ್ರೈ ಮಾಡೋದೇ ನಿಂತೋಗತ್ತೆ, ಹಾಗಾಗಿ ಇಲ್ಲಿ ರೀಕನೆಕ್ಟ್ ಅನ್ನೋದನ್ನೇ ಕರೀಬೇಕು. ಅದು ಸತ್ತ ಸಾಕೆಟ್‌ನಿಂದ ಉತ್ತರ ಬರ್ಲಿ ಅಂತ ಕಾಯದೇ ಹೊಸದಕ್ಕೆ ಹೋಗತ್ತೆ.

ಸರಿಯಾಗಿ 60 ಸೆಕೆಂಡ್‌ಗೊಂದ್ಸಲ ಕಟ್ ಆಗ್ತಿದೆ.

ಕಾರಣ ಬ್ರೌಸರ್‌ಗೂ ಸರ್ವರ್‌ಗೂ ಮಧ್ಯೆ ಇರೋ ಪ್ರಾಕ್ಸಿ. ಎಂಜಿನ್‌ಎಕ್ಸ್ ಅನ್ನೋ ಪ್ರಾಕ್ಸಿಯಲ್ಲಿ ಪ್ರಾಕ್ಸಿ ರೀಡ್ ಟೈಮ್‌ಔಟ್ ಡೀಫಾಲ್ಟ್ 60 ಸೆಕೆಂಡ್, ಅಷ್ಟು ಹೊತ್ತು ಸರ್ವರ್ ಕಡೆಯಿಂದ ಏನೂ ಬರದಿದ್ರೆ ಅದು ಮುಚ್ಚತ್ತೆ. ಮೇಲಿನ 25 ಸೆಕೆಂಡ್ ಹಾರ್ಟ್‌ಬೀಟ್ ಇದ್ರೆ ಇದು ತಾನಾಗೇ ಹೋಗತ್ತೆ.

ಟ್ಯಾಬ್ ಹಿಂದೆ ಇದ್ದಾಗ, ಲ್ಯಾಪ್‌ಟಾಪ್ ಮುಚ್ಚಿ ತೆಗೆದಾಗ ವಿಚಿತ್ರವಾಗಿ ಆಡತ್ತೆ.

ಹಿಂದಿರೋ ಟ್ಯಾಬ್‌ನ ಟೈಮರ್‌ಗಳನ್ನ ಬ್ರೌಸರ್ ನಿಧಾನ ಮಾಡತ್ತೆ. ಕ್ರೋಮ್ 88ರಿಂದ, ಅಂದ್ರೆ 2021ರಿಂದ, 5 ನಿಮಿಷಕ್ಕಿಂತ ಜಾಸ್ತಿ ಮರೆಯಲ್ಲಿರೋ ಪೇಜ್‌ನ ಟೈಮರ್‌ಗಳು ನಿಮಿಷಕ್ಕೊಂದ್ಸಲ ಮಾತ್ರ ಓಡೋ ಹಾಗೆ ಆಗಬಹುದು. ಕ್ಲೈಂಟ್ 20 ಸೆಕೆಂಡ್‌ಗೊಂದ್ಸಲ ಹಾರ್ಟ್‌ಬೀಟ್ ಕಳಿಸ್ಲಿ ಅಂತ ಬರೆದಿದ್ರೆ ಅದು ನಿಮಿಷಕ್ಕೊಂದಾಗತ್ತೆ, ಸರ್ವರ್ "ಇವ್ರು ಹೋದ್ರು" ಅಂತ ಮುಚ್ಚತ್ತೆ. ಹಾರ್ಟ್‌ಬೀಟ್ ಸರ್ವರ್ ಕಡೆಯಿಂದ ಶುರುವಾಗ್ಬೇಕು ಅಂತ ಹೇಳಿದ್ದು ಇದಕ್ಕೂ ಸೇರಿ.

ಲ್ಯಾಪ್‌ಟಾಪ್ ವಿಷಯದಲ್ಲಿ, ಎದ್ದ ತಕ್ಷಣ ಸಾಕೆಟ್ ತೆರೆದಿದೆ ಅಂತಾನೇ ತೋರಿಸ್ಬಹುದು. ವಿಸಿಬಿಲಿಟಿಚೇಂಜ್ ಮತ್ತೆ ಆನ್‌ಲೈನ್ ಈವೆಂಟ್ ಎರಡನ್ನೂ ಕೇಳಿ, ಬಂದ ಕೂಡ್ಲೇ ಒಂದು ಚಿಕ್ಕ ಮೆಸೇಜ್ ಕಳಿಸಿ, 3 ಸೆಕೆಂಡ್ ಒಳಗೆ ಉತ್ತರ ಬರದಿದ್ರೆ ರೀಕನೆಕ್ಟ್. ನ್ಯಾವಿಗೇಟರ್ ಆನ್‌ಲೈನ್ ಅನ್ನೋದನ್ನ ಪೂರ್ತಿ ನಂಬಬೇಡಿ, ಅದು ಯಾವುದೋ ಒಂದು ನೆಟ್‌ವರ್ಕ್‌ಗೆ ಸೇರಿದೆ ಅಂತ ಹೇಳತ್ತೆ, ಇಂಟರ್‌ನೆಟ್ ಬರ್ತಿದೆ ಅಂತಲ್ಲ.

ಸರ್ವರ್ 1000 ಅಂತ ಸರಿಯಾಗೇ ಮುಚ್ಚಿದ್ರೂ ಮತ್ತೆ ಕನೆಕ್ಟ್ ಆಗತ್ತೆ. ಬಗ್ಗಾ?

ಅಲ್ಲ, ಅದು ಹಾಗೇ ಇರೋದು. ನೀವು ಕ್ಲೋಸ್ ಕರೆದ್ರೆ ಮಾತ್ರ ನಿಲ್ಲತ್ತೆ, ಆಚೆಯಿಂದ ಯಾವ ನಂಬರ್ ಬಂದ್ರೂ ರೀಕನೆಕ್ಟ್ ಮಾಡತ್ತೆ. ಕ್ಲೋಸ್ ಹ್ಯಾಂಡ್ಲರ್‌ನಲ್ಲಿ ನಂಬರ್ ನೋಡಿ, 4001 ಥರದ್ದು ಬಂದ್ರೆ ನೀವೇ ಕ್ಲೋಸ್ ಕರೆದ್ಬಿಡಿ. ಲಾಗೌಟ್ ಬಟನ್‌ನಲ್ಲೂ ಅಷ್ಟೇ, ಮೊದಲು ಕ್ಲೋಸ್, ಆಮೇಲೆ ಉಳಿದಿದ್ದು.

ಒಂದೇ ಮೆಸೇಜ್ ಎರಡು ಸಲ, ಮೂರು ಸಲ ಕಾಣ್ತಿದೆ.

ಆನ್‌ಓಪನ್ ಒಳಗೆ ಆ್ಯಡ್‌ಈವೆಂಟ್‌ಲಿಸನರ್ ಬರೆದಿರ್ತೀರಿ. ಸಾಮಾನ್ಯ ವೆಬ್‌ಸಾಕೆಟ್‌ನಲ್ಲಿ ಆನ್‌ಓಪನ್ ಒಂದೇ ಸಲ ಬರೋದು, ಇಲ್ಲಿ ಪ್ರತಿ ರೀಕನೆಕ್ಟ್‌ಗೂ ಬರತ್ತೆ, ಆಬ್ಜೆಕ್ಟ್ ಮಾತ್ರ ಅದೇ, ಹಾಗಾಗಿ ಲಿಸನರ್ ಒಂದರ ಮೇಲೊಂದು ಕೂರತ್ತೆ. ಲಿಸನರ್‌ಗಳನ್ನ ಹೊರಗೆ ಒಂದ್ಸಲ ಹಾಕಿ. ಆನ್‌ಓಪನ್ ಒಳಗೆ ಇರಬೇಕಾಗಿದ್ದು ಸರ್ವರ್‌ಗೆ ಪ್ರತಿ ಸಲ ಮತ್ತೆ ಹೇಳ್ಬೇಕಾದ್ದು ಮಾತ್ರ, ಅಂದ್ರೆ ಯಾವ ಚಾನೆಲ್ ಬೇಕು, ಯಾವ ರೂಮ್ ಅನ್ನೋದು. ರಿಯಾಕ್ಟ್ ಬಳಸ್ತಿದ್ರೆ ಇನ್ನೊಂದು ಕಾರಣ ಇರತ್ತೆ: ರಿಯಾಕ್ಟ್ 18ರಿಂದ ಸ್ಟ್ರಿಕ್ಟ್ ಮೋಡ್‌ನಲ್ಲಿ ಡೆವಲಪ್‌ಮೆಂಟ್ ಹೊತ್ತಲ್ಲಿ ಎಫೆಕ್ಟ್ ಎರಡು ಸಲ ಓಡತ್ತೆ, ಕ್ಲೀನಪ್‌ನಲ್ಲಿ ಕ್ಲೋಸ್ ಕರೆಯದೇ ಇದ್ರೆ ಎರಡು ಕನೆಕ್ಷನ್ ಉಳ್ಕೊಳತ್ತೆ, ಮೊದಲನೇದು ಯಾರ ಕೈಗೂ ಸಿಗದೇ ಸಾಯೋವರೆಗೂ ರೀಕನೆಕ್ಟ್ ಆಗ್ತಾನೇ ಇರತ್ತೆ.

ಸಾಕೆಟ್ ಐಓ ಹಾಕಿದ್ರೆ ಇದೆಲ್ಲಾ ತಾನಾಗೇ ಬರಲ್ವಾ?

ಸಾಕೆಟ್ ಐಓ ಅಂದ್ರೆ ಇದೇ ಥರದ ದೊಡ್ಡ ಲೈಬ್ರರಿ, ಸುಮಾರು ಬರತ್ತೆ. ಹಾರ್ಟ್‌ಬೀಟ್ ಇದೆ, ರೀಕನೆಕ್ಟ್ ಇದೆ, ಅದರ 4.6 ಆವೃತ್ತಿಯಿಂದ ಸ್ವಲ್ಪ ಹೊತ್ತು ಕಳೆದುಹೋದ ಮೆಸೇಜ್ ವಾಪಸ್ ಕೊಡೋ ಸೌಲಭ್ಯನೂ ಇದೆ. ಆದ್ರೆ ಅದು ತನ್ನದೇ ಪ್ರೋಟೋಕಾಲ್, ಸರ್ವರ್‌ನಲ್ಲೂ ಸಾಕೆಟ್ ಐಓ ಇರ್ಲೇಬೇಕು, ಸಾಮಾನ್ಯ ವೆಬ್‌ಸಾಕೆಟ್ ಸರ್ವರ್‌ಗೆ ಅದರ ಕ್ಲೈಂಟ್ ಕನೆಕ್ಟ್ ಆಗಲ್ಲ. ಎರಡೂ ಕಡೆ ನಿಮ್ಮ ಕೈಯಲ್ಲೇ ಇದ್ರೆ ಧಾರಾಳವಾಗಿ ಹಾಕಿ. ಸರ್ವರ್ ಬೇರೆಯವರದ್ದಾದ್ರೆ ಈ ಪುಟ್ಟ ಲೈಬ್ರರಿ. ಇನ್ನು ಸರ್ವರ್‌ನಿಂದ ಕ್ಲೈಂಟ್‌ಗೆ ಮಾತ್ರ ಮೆಸೇಜ್ ಬರ್ಬೇಕು ಅಂದ್ರೆ ಈವೆಂಟ್‌ಸೋರ್ಸ್ ನೋಡಿ, ರೀಕನೆಕ್ಟ್ ಬ್ರೌಸರ್ ಒಳಗೇ ಇದೆ, ಕೊನೇ ಈವೆಂಟ್ ಐಡಿನೂ ಅದೇ ಸರ್ವರ್‌ಗೆ ಹೇಳತ್ತೆ. ಲೈಬ್ರರಿನೇ ಬೇಕಾಗಲ್ಲ, ತುಂಬಾ ಜನ ಇದನ್ನ ಮರೆತೇ ಬಿಟ್ಟಿದಾರೆ.

ನೋಡ್‌ನಲ್ಲಿ ಓಡ್ಸೋದು ಹೇಗೆ?

ನೋಡ್ 22ರಿಂದ ವೆಬ್‌ಸಾಕೆಟ್ ಕ್ಲೈಂಟ್ ಒಳಗೇ ಇದೆ. ಅದಕ್ಕಿಂತ ಹಳೇದ್ರಲ್ಲಿ ಡಬ್ಲ್ಯೂಎಸ್ ಪ್ಯಾಕೇಜ್ ಹಾಕಿ, ಅದನ್ನ ಆಪ್ಷನ್‌ನಲ್ಲಿ ವೆಬ್‌ಸಾಕೆಟ್ ಅನ್ನೋ ಹೆಸರಲ್ಲಿ ಕೊಡಿ.

ಬಳಕೆದಾರರಿಗೆ ಏನು ತೋರಿಸ್ಲಿ?

ಕಟ್ ಆದ ಕ್ಷಣಕ್ಕೇ ಕೆಂಪು ಪಟ್ಟಿ ತೋರಿಸ್ಬೇಡಿ, ಎಷ್ಟೋ ಸಲ 2 ಸೆಕೆಂಡ್‌ನಲ್ಲಿ ವಾಪಸ್ ಬರತ್ತೆ, ಸುಮ್ನೆ ಗಾಬರಿ. 4-5 ಸೆಕೆಂಡ್ ಆದ್ರೂ ಬರದಿದ್ರೆ "ಮತ್ತೆ ಕನೆಕ್ಟ್ ಆಗ್ತಿದೆ, ಕಾಣ್ತಿರೋದು ಹಳೇದಿರಬಹುದು" ಅಂತ ಹೇಳಿ, ಜೊತೆಗೆ "ಈಗಲೇ ಟ್ರೈ ಮಾಡಿ" ಅಂತ ಒಂದು ಬಟನ್ ಕೊಟ್ಟು ಅದರಲ್ಲಿ ರೀಕನೆಕ್ಟ್ ಕರೀರಿ. ಹಸಿರು ಮಾಡೋದು ಸಾಕೆಟ್ ತೆರೆದಾಗ ಅಲ್ಲ, ಮಧ್ಯೆ ಬಿಟ್ಟುಹೋದ ಮೆಸೇಜ್ ಎಲ್ಲಾ ಬಂದು ಮುಗಿದ್ಮೇಲೆ.

ಟೆಸ್ಟ್ ಮಾಡೋದು ಹೇಗೆ?

ಸರ್ವರ್ ಪ್ರೋಸೆಸ್ ಕೊಂದು ನೋಡೋದು ಎಲ್ಲರೂ ಮಾಡ್ತಾರೆ, ಆದ್ರೆ ಅದು ಸುಲಭದ ಕೇಸು. ಪ್ರೋಸೆಸ್ ಸತ್ರೂ ಆಪರೇಟಿಂಗ್ ಸಿಸ್ಟಮ್ ಕನೆಕ್ಷನ್ ಮುಚ್ಚಿ ಹೇಳಿ ಹೋಗತ್ತೆ, ಕ್ಲೋಸ್ ಈವೆಂಟ್ ತಕ್ಷಣ ಬರತ್ತೆ. ನಿಜವಾದ ಪರೀಕ್ಷೆಗೆ ಸರ್ವರ್ ಮಷೀನ್‌ನಲ್ಲಿ ಐಪಿಟೇಬಲ್ಸ್ ಅನ್ನೋ ಲಿನಕ್ಸ್ ಫೈರ್‌ವಾಲ್‌ನಿಂದ ಆ ಪೋರ್ಟ್‌ನ ಪ್ಯಾಕೆಟ್‌ಗಳನ್ನ ಡ್ರಾಪ್ ಮಾಡಿ, ರಿಜೆಕ್ಟ್ ಅಲ್ಲ, ಡ್ರಾಪ್. ಆಗ ಎರಡೂ ಕಡೆ ಮೌನ. ಆ ಮೌನದಲ್ಲಿ ನಾಲ್ಕು ಮೆಸೇಜ್ ಕಳಿಸಿ, ಆಚೆ ಕಡೆಯಿಂದಲೂ ನಾಲ್ಕು ಹುಟ್ಟಿಸಿ, ಒಂದು ನಿಮಿಷ ಬಿಟ್ಟು ಡ್ರಾಪ್ ತೆಗೀರಿ. ಎರಡೂ ಕಡೆ ನಾಲ್ಕಕ್ಕೆ ನಾಲ್ಕೂ, ಒಂದೊಂದೇ ಸಲ, ಕ್ರಮವಾಗಿ ಬಂದಿದ್ಯಾ ಅಂತ ಎಣಿಸಿ ನೋಡಿ.